ಅಸಿ ದಾಟಿಸಿದ ಪದ್ಯ

ತಿಪಟೂರು

ನಮ್ಮ ಅತ್ತೆಯವರ ಪ್ರಕಾರ ತುಂಗಭದ್ರೆ ದಾಟಿದ ಮೇಲೆ ಬರುವುದೆಲ್ಲ ಪರದೇಶ. ಹಾಗಾಗಿ ನಾನು ಹತ್ತು ದಿನದ ಮಟ್ಟಿಗೆ ಕಾಶಿಗೆ ಹೊರಟಾಗ ಮನೆಯಲ್ಲಿ ವಿದೇಶಯಾತ್ರೆಯ ಗಡಿಬಿಡಿಯೇ ನಡೆಯಿತು. ಪಕ್ಕದ ಮನೆಯವರು ಚಕ್ಕುಲಿ ಕಟ್ಟಿಕೊಟ್ಟರು. ಎದುರು ಮನೆಯವರು ಗಂಗೆ ತರಲು ಒಂದು ಕ್ಯಾನು ಕೊಟ್ಟರು, ಅದರಲ್ಲಿ ಇನ್ನೂ ಅಡುಗೆ ಎಣ್ಣೆಯ ವಾಸನೆ ಇತ್ತು. ಅತ್ತೆಯವರು ಮಾತ್ರ ನನ್ನನ್ನು ಹತ್ತಿರ ಕರೆದು, "ಕಾಶಿಗೆ ಹೋದೋರು ಇಷ್ಟವಾದ್ದು ಏನಾದ್ರೂ ಬಿಟ್ಟು ಬರ್ಬೇಕು. ನೀನು ಎದುರು ಮಾತಾಡೋದು ಬಿಟ್ಟು ಬಾ" ಎಂದರು.

ನಾನು ಹೊರಟದ್ದು ಪುಣ್ಯಕ್ಕಲ್ಲ, ಪದ್ಯಕ್ಕೆ. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಓದಿಸಿ, ಬರೆಸಿ, ಹೋದ ವರ್ಷ ನಿವೃತ್ತಳಾದವಳು ನಾನು. ಕಾಶಿಯ ಹನುಮಾನ್ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರು ಇಳಿದುಕೊಳ್ಳುವ ಒಂದು ಛತ್ರವಿದೆ. ಅಲ್ಲಿಂದ ಶೇಷಮ್ಮ ಎನ್ನುವವರು, ಯಾರೋ ಯಾತ್ರಿಕರಿಂದ ನನ್ನ ವಿಳಾಸ ಪಡೆದು ಪತ್ರ ಬರೆದಿದ್ದರು. ಪುರೋಹಿತರ ಮತ್ತು ಅಡುಗೆಯವರ ಮಕ್ಕಳಿಗೆ ಭಾನುವಾರ ಕನ್ನಡ ಅಕ್ಷರ ಕಲಿಸುವವರು ಅವರು. "ಮಕ್ಕಳು ಕನ್ನಡ ಓದುತ್ತವೆ, ನೋಡಿ ಬರೆಯುತ್ತವೆ. ಆದರೆ ಜಗಳ ಆಡುವುದು ಹಿಂದಿಯಲ್ಲಿ. ನಾಲ್ಕು ಸಾಲು ಸ್ವಂತದ್ದು ಬರೆಸಲು ನಿಮ್ಮಿಂದ ಆದೀತೇ?" ಎಂದು ಕೇಳಿದ್ದರು. ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತವೆ ಎಂದು ಗಮನಿಸುವ ಹೆಂಗಸನ್ನು ಒಮ್ಮೆ ನೋಡಬೇಕು ಎನಿಸಿ ಟಿಕೆಟ್ ತೆಗೆಸಿದೆ.

ಹನುಮಾನ್ ಘಾಟ್

ತಿಪಟೂರಿನಲ್ಲಿ ಚಳಿ ಎಂದರೆ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು. ಇಲ್ಲಿ ನಾನೇ ಗಟ್ಟಿಯಾದೆ. ಜನವರಿಯ ಮಂಜಿನಲ್ಲಿ ಗಂಗೆ ಎಲ್ಲಿದ್ದಾಳೆ ಎಂದು ಕಾಣುತ್ತಲೇ ಇರಲಿಲ್ಲ, ಮೆಟ್ಟಿಲ ಕೆಳಗಿನಿಂದ ಯಾರೋ ಮುಳುಗಿ ಎದ್ದು ಹಲ್ಲು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಮ್ಮಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟರೆ ಇಲ್ಲಿ ಚಳಿಗೆ ಕೊಡುತ್ತಾರೆ. ಹಾಗಾಗಿ ಛತ್ರದ ಹಜಾರದಲ್ಲಿ ಹದಿಮೂರು ಮಕ್ಕಳು ಮಂಗನ ಟೋಪಿ ಹಾಕಿಕೊಂಡು ಬೆಳಿಗ್ಗೆಯೇ ನನಗಾಗಿ ಕಾದಿದ್ದವು.

ಶೇಷಮ್ಮನಿಗೆ ಎಪ್ಪತ್ತಾರು. ಊರು ಅರಕಲಗೂಡಿನ ಕಡೆ. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡುತ್ತೇನೆಂದು ಬಂದು ಹನ್ನೊಂದು ವರ್ಷವಾಗಿದೆ. ಸಾಯಲು ಬಂದವರು ಎಂದರೆ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿರುತ್ತಾರೆ ಎಂದುಕೊಂಡಿದ್ದೆ. ಈಕೆ ನನ್ನನ್ನು ನೋಡಿದ ಕೂಡಲೇ, "ಬನ್ನಿ ಮೇಷ್ಟ್ರಮ್ಮ, ಬಿಸಿನೀರು ಒಂದೇ ಬಕೆಟ್ಟು, ಜಾಸ್ತಿ ಕೇಳ್ಬೇಡಿ" ಎಂದರು. ಎರಡನೆಯ ಮಾತು, "ಮಂಗಳವಾರ ನನ್ನ ತಂಗಿ ನಾಗು ಬರ್ತಾಳೆ ಮೈಸೂರಿಂದ. ಹನ್ನೊಂದು ವರ್ಷ ಆಯ್ತು ಅವಳ ಮುಖ ನೋಡಿ." ಆಮೇಲೆ ಇದನ್ನೇ ದಿನಕ್ಕೆ ನಾಲ್ಕು ಸಲ ಹೇಳಿದರು. ನಾಗುವಿಗೆಂದು ಮಂಚಕ್ಕೆ ಹೊಸ ರಜಾಯಿ ಹಾಸಿಟ್ಟಿದ್ದರು. ಅದರ ಮೇಲೆ ನಾನು ಕೂರಲು ಹೋದಾಗ ಎಬ್ಬಿಸಿದರು.

ಮೊದಲ ಪಾಠ ಹತ್ತೇ ನಿಮಿಷಕ್ಕೆ ಮುಗಿಯಿತು. ಊರಿನಿಂದ ಮಾದರಿಗೆಂದು ತೆಂಗಿನ ಮರದ ಮೇಲೊಂದು ಪದ್ಯ ಕಟ್ಟಿ, ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ತಂದಿದ್ದೆ. ಅದನ್ನು ಕಿಟಕಿಗೆ ಅಂಟಿಸಿ ಹಿಂದಿರುಗುವಷ್ಟರಲ್ಲಿ ಒಂದು ಕೋತಿ ಕಿತ್ತುಕೊಂಡು ಹೋಗಿ ಎದುರಿನ ಮಾಡಿನ ಮೇಲೆ ಕೂತು ಅರ್ಧ ತಿಂದಿತು. ಉಳಿದರ್ಧ ಉಗಿಯಿತು. ಮೂವತ್ತಾರು ವರ್ಷದಲ್ಲಿ ನನ್ನ ಪದ್ಯಕ್ಕೆ ಇಷ್ಟು ಸ್ಪಷ್ಟವಾದ ವಿಮರ್ಶೆ ಬಂದಿರಲಿಲ್ಲ.

ಹಾಳೆ ಹೋದರೂ ಪದ್ಯ ಹೋಗಲಿಲ್ಲ. ಮಕ್ಕಳು ಅಷ್ಟರಲ್ಲಿ ಬಾಯಿಪಾಠ ಮಾಡಿದ್ದವು. ಅಂಟಿಸುವ ಮೊದಲು ಒಂದೇ ಒಂದು ಸಲ ಓದಿದ್ದೆ. ಹಿಂದು ಮುಂದಾಗಿಯೂ ಹೇಳಬಲ್ಲೆವು ಎಂದವು, ಹೇಳಿಯೂ ಬಿಟ್ಟವು. ನಾನು ಸಂತೋಷದಿಂದ, "ಇದರಲ್ಲಿ ನಿಮಗೆ ಯಾವ ಸಾಲು ಇಷ್ಟ? ಯಾಕೆ?" ಎಂದು ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಕೊನೆಗೆ ವೈದೇಹಿ ಎಂಬ ಒಂಬತ್ತರ ಹುಡುಗಿ, ಛತ್ರದ ಪುರೋಹಿತ ಶ್ರೀಧರ ಭಟ್ಟರ ಮಗಳು, ಎದ್ದು ನಿಂತು ನನಗೆ ತಿಳಿಹೇಳಿದಳು. "ಮೇಡಂ, ಯಾದ್ ಮಾಡೋದು ನಮ್ಮ ಕೆಲಸ. ಮತ್ಲಬ್ ಎಲ್ಲ ದೊಡ್ಡೋರು ನೋಡ್ಕೋತಾರೆ."

ತಿಪಟೂರಿನ ನನ್ನ ಮಕ್ಕಳಿಗೆ ಒಂದು ಪದ್ಯ ಬಾಯಿಪಾಠ ಮಾಡಿಸಲು ಒಂದು ವಾರ ಬೇಕು, ಅಭಿಪ್ರಾಯ ಮಾತ್ರ ಕೇಳುವ ಮೊದಲೇ ಬರುತ್ತದೆ. ಇಲ್ಲಿ ಅದು ತಿರುಗುಮುರುಗು. ಕಣ್ಣು ಮುಚ್ಚಿ ಮನಸ್ಸಿಗೆ ಬಂದದ್ದನ್ನು ಬರೆಯಿರಿ ಎಂದರೆ ಹದಿಮೂರೂ ಮಕ್ಕಳು ಚಕ್ಕಳಮಕ್ಕಳ ಹಾಕಿ ಧ್ಯಾನಕ್ಕೆ ಕೂತವು. ಇಬ್ಬರು ನಿದ್ದೆ ಹೋದರು.

ಸಾರನಾಥ

ಹಜಾರದಲ್ಲಿ ಪದ್ಯ ಹುಟ್ಟುವುದಿಲ್ಲ ಎಂದು ಮೂರನೆಯ ದಿನ ಎಲ್ಲರನ್ನೂ ಎರಡು ಆಟೋಗಳಲ್ಲಿ ತುಂಬಿಕೊಂಡು ಸಾರನಾಥಕ್ಕೆ ಹೊರಟೆ. ಶೇಷಮ್ಮನನ್ನೂ ಕರೆದೆ. ಅವರು ಬರಲಿಲ್ಲ. ಸಾರನಾಥ ಇರುವುದು ವರುಣಾ ನದಿಯ ಆಚೆ. ಕಾಶಿಗೆ ಬಂದ ದಿನವೇ ಅವರು ಕೈಯಲ್ಲಿ ನೀರು ಹಿಡಿದು, ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ಈ ಎರಡನ್ನು ಇನ್ನು ದಾಟುವುದಿಲ್ಲ ಎಂದು ಸಂಕಲ್ಪ ಮಾಡಿದ್ದಾರೆ. ಆಚೆ ಕಾಲಿಟ್ಟಾಗ ಪ್ರಾಣ ಹೋದರೆ ಹನ್ನೊಂದು ವರ್ಷ ಕಾದದ್ದು ನೀರುಪಾಲು. "ಅಲ್ಲಿ ನಂಗೇನು ಕೆಲ್ಸ ಇದೆ? ನಾಗುನೇ ಇಲ್ಲಿಗೆ ಬರ್ತಿದಾಳೆ" ಎಂದು ಬಟಾಣಿ ಬಿಡಿಸುತ್ತ ಕೂತರು.

ಸಾರನಾಥದ ಹುಲ್ಲಿನ ಮೇಲೆ ಮಕ್ಕಳನ್ನು ಕೂರಿಸಿ ಅಪ್ಪಣೆಯನ್ನು ಸರಳ ಮಾಡಿದೆ. ನೀವು ಎಲ್ಲಿದ್ದೀರಿ ಎನ್ನುವುದರಿಂದ ಶುರುಮಾಡಿ, ನೀವು ಯಾರು ಹೇಳಿ, ನಿಮಗೆ ಏನು ಬೇಕು ಹೇಳಿ. ಇದ್ದಕ್ಕಿದ್ದಂತೆ ಪೆನ್ಸಿಲ್ಲುಗಳು ಓಡಲು ಶುರುವಾದವು. ನನಗೆ ಬಹಳ ಹೆಮ್ಮೆಯಾಯಿತು. ಮೊದಲು ಮುಗಿಸಿದವನು ಅನಂತ, ಅಡುಗೆಯವರ ಮಗ. ಎದ್ದು ನಿಂತು ಓದಿದ:

ಜಂಬೂದ್ವೀಪದಲ್ಲಿ, ಭರತಖಂಡದಲ್ಲಿ,
ಕಾಶಿಯಿಂದ ಆಟೋದಲ್ಲಿ ಬಂದ ಜಾಗದಲ್ಲಿ,
ಸ್ಕೂಲು ಇಲ್ಲದ ಭಾನುವಾರದಲ್ಲಿ,
ಭಾರದ್ವಾಜ ಗೋತ್ರದ ಅನಂತ ಎಂಬ ನಾನು
ಅಣ್ಣ ಕದ್ದ ಪತಂಗ ವಾಪಸ್ ಬರಲಿ ಎಂದು,
ಬರದಿದ್ದರೆ ಅವನದು ಹರಿಯಲಿ ಎಂದು
ಈ ಕವಿತೆಯನ್ನು ಮಾಡುತ್ತೇನೆ.

ಪತಂಗ ಎಂದರೆ ಇಲ್ಲಿ ಗಾಳಿಪಟ. ಹದಿಮೂರು ಪದ್ಯಗಳೂ ಹಾಗೇ. ಹನುಮಾನ್ ಘಾಟಿನ ಮಕ್ಕಳು ತೊಟ್ಟಿಲಿನಿಂದ ಕೇಳಿ ಬೆಳೆದದ್ದು ಸಂಕಲ್ಪ. ಬೆಳಗಾದರೆ ಮೆಟ್ಟಿಲ ಮೇಲೆ ಅಪ್ಪಂದಿರು ಯಾತ್ರಿಕರನ್ನು ಕೂರಿಸಿಕೊಂಡು ದೇಶ, ಕಾಲ, ಗೋತ್ರ, ಹೆಸರು, ಬೇಡಿಕೆ ಎಲ್ಲ ಹೇಳಿಸಿ ಕೈಯಿಂದ ನೀರು ಬಿಡಿಸುತ್ತಾರೆ. ನಾನು ಪದ್ಯ ಕೇಳಿದೆ, ಅವು ತಮಗೆ ಗೊತ್ತಿದ್ದದ್ದನ್ನು ಕೊಟ್ಟವು. ನನಗೆ ಸಿಟ್ಟು ಬಂತು. ಇದು ಪೂಜೆಯ ಪಾಠ, ಪದ್ಯವಲ್ಲ, ಮತ್ತೆ ಬರೆಯಿರಿ ಎಂದು ಗದರಿದೆ. ಬರುವಾಗ ಆಟೋದಲ್ಲಿ ಅನಂತ ದಾರಿಯುದ್ದಕ್ಕೂ ಅಳು ನುಂಗಿ ಮೂಗು ಎಳೆದುಕೊಳ್ಳುತ್ತಿದ್ದ.

ಸಂಜೆ ಶೇಷಮ್ಮ ಆ ಹಾಳೆಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದರು. ನಾನು ಹದಿಮೂರೂ ಒಂದೇ ಥರ ಎಂದು ದೂರಿದೆ. ಅವರು, "ಇದ್ರಲ್ಲಿ ತಪ್ಪೇನಿದೆ ಮೇಷ್ಟ್ರಮ್ಮ? ಎಲ್ಲಿದೀನಿ, ಯಾರು ನಾನು, ಏನು ಬೇಕು, ಇಷ್ಟು ಸರಿಯಾಗಿ ಹೇಳಕ್ಕೆ ಬರೋ ದೊಡ್ಡೋರನ್ನ ನಾಕು ಜನ ತೋರ್ಸಿ ನಂಗೆ" ಎಂದರು. ಆಮೇಲೆ, "ನೀವು ತೆಂಗಿನ ಮರದ ಮೇಲೆ ಬರ್ದಿದ್ರಲ್ಲ, ನಿಮಗೇನು ಬೇಕು ಅಂತ ಅದ್ರಲ್ಲಿ ಎಲ್ಲಿತ್ತು?" ಎಂದೂ ಕೇಳಿದರು. ನಾನು ಎದುರು ಮಾತು ಬಿಡಬೇಕೆಂಬ ಅತ್ತೆಯವರ ಆಸೆ ಆ ಸಂಜೆ ತಾನಾಗಿ ನೆರವೇರಿತು. ಮರುದಿನ ಅನಂತನ ಕ್ಷಮೆ ಕೇಳಿ, ಸಂಕಲ್ಪದ ಚೌಕಟ್ಟಿನಲ್ಲೇ ಪಾಠ ಮುಂದುವರಿಸಿದೆ. ಅಲ್ಲಿಂದ ಪದ್ಯಗಳು ಸುರಿದವು, ತಿದ್ದಲು ನನಗೇ ಪುರುಸೊತ್ತಿರಲಿಲ್ಲ.

ಮತ್ತೆ ಹನುಮಾನ್ ಘಾಟ್

ಮಂಗಳವಾರ ನಾಗು ಬರಲಿಲ್ಲ, ಫೋನ್ ಬಂತು. ಕಾಶಿಯ ಸ್ಟೇಷನ್ನಿಗೆ ಬಂದಿಳಿದು, ಅಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಜೊತೆಯಲ್ಲಿದ್ದ ಯಾತ್ರಿಕರು ಆಕೆಯನ್ನು ಲಂಕಾ ಆಚೆಗಿನ ಒಂದು ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ಲಂಕಾ ಎಂದರೆ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಪೇಟೆ, ಛತ್ರದಿಂದ ಅರ್ಧ ಗಂಟೆಯ ದಾರಿ. ಆದರೆ ಅದು ಅಸಿಯ ಆಚೆ. ಭಾನುವಾರ ಮಗ ಬಂದು ಆಕೆಯನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡೇ ರೈಲಿನಲ್ಲಿ ಮೈಸೂರಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ನಾಗುವಿಗೆ ಎಪ್ಪತ್ತೆರಡು. ಈ ಕಾಲಿನಲ್ಲಿ ಅವರು ಮತ್ತೆ ಕಾಶಿಗೆ ಬರುವ ಮಾತಿಲ್ಲ. ಶೇಷಮ್ಮ ಮೈಸೂರಿಗೆ ಹೋಗುವ ಮಾತು ಮೊದಲೇ ಇಲ್ಲ.

ಅಸಿ ನದಿಯನ್ನು ನಾನು ಮೊದಲೇ ನೋಡಿದ್ದೆ. ನೋಡಿದ್ದೆ ಎಂದು ಆಮೇಲೆ ಗೊತ್ತಾಯಿತು, ಯಾಕೆಂದರೆ ಅದನ್ನು ಚರಂಡಿ ಎಂದುಕೊಂಡು ಮೂಗು ಮುಚ್ಚಿ ದಾಟಿದ್ದೆ. ಇದಕ್ಕಾಗಿ ಒಡಹುಟ್ಟಿದವಳನ್ನು ನೋಡದೆ ಇರುವುದೇ ಎಂದು ನನಗೆ ಮೈಯೆಲ್ಲ ಉರಿಯಿತು. ಶ್ರೀಧರ ಭಟ್ಟರು ಹದವಾಗಿ ಒಂದು ದಾರಿ ಹುಡುಕಿದರು. "ದೊಡ್ಡ ಸೀಮೆ ಹಿಡಿದ್ರೆ ಲಂಕಾನೂ ಕಾಶಿ ಒಳಗೇ ಬರುತ್ತೆ ಅಜ್ಜಿ, ಪಕ್ಕಾ. ಹೋಗಿ ಬನ್ನಿ." ಶೇಷಮ್ಮ ತಲೆ ಅಲ್ಲಾಡಿಸಿದರು. "ನಾನು ಬಾಯಿಬಿಟ್ಟು ಹೇಳಿ ನೀರು ಬಿಟ್ಟಿದ್ದು ಅಸಿ ಅಂತ. ಆಡಿದ ಮಾತನ್ನ ನಾನೇ ದೊಡ್ಡದು ಮಾಡ್ಕೊಂಡ್ರೆ ಹೇಗಪ್ಪ?" ಎಂದರು.

ವಿಡಿಯೋ ಕರೆ ಮಾಡಿಸಿದೆವು. ನಾಗುವಿಗೆ ಫೋನ್ ಹಿಡಿಯಲು ಬಾರದೆ ಹತ್ತು ನಿಮಿಷ ಆಸ್ಪತ್ರೆಯ ಫ್ಯಾನು ಕಾಣಿಸಿತು. ಶೇಷಮ್ಮ ಆ ಫ್ಯಾನಿನ ಜೊತೆಗೇ ಊಟ ಆಯ್ತಾ, ನೋವಿದೆಯಾ ಎಂದೆಲ್ಲ ಮಾತಾಡಿದರು. ಕರೆ ಮುಗಿದ ಮೇಲೆ ರಜಾಯಿ ಮಡಿಸಿ ಕಪಾಟಿಗೆ ಇಟ್ಟರು. ಆ ರಾತ್ರಿ ಒಂದು ತುತ್ತೂ ಉಣ್ಣಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆಕೆಗೆ ಹೋಗುವ ಆಸೆ ನನಗಿಂತ ನೂರು ಪಾಲು ಹೆಚ್ಚಿದೆ ಎಂದು ತಿಳಿದು ನನ್ನ ಬಗ್ಗೆ ನಾಚಿಕೆಯಾಯಿತು.

ಲಂಕಾ

ಶುಕ್ರವಾರ ಮಧ್ಯಾಹ್ನ ನೋಟ್‌ಬುಕ್ ಕೊಳ್ಳುವ ನೆಪದಲ್ಲಿ ವೈದೇಹಿಯನ್ನೂ ಅನಂತನನ್ನೂ ಕರೆದುಕೊಂಡು ಲಂಕಾಕ್ಕೆ ಹೋದೆ. ವೈದೇಹಿ ಎಂಬ ಹೆಸರಿನವರು ಲಂಕೆಗೆ ಹೋಗಿ ಬರುವುದು ಮೊದಲ ಸಲವೇನಲ್ಲ, ಹೆದರಬೇಡಿ ಎಂದು ಅವಳ ಅಪ್ಪನಿಗೆ ಧೈರ್ಯ ಹೇಳಿದೆ. ಅವರು ನಗಲಿಲ್ಲ. ಪುಸ್ತಕದ ಅಂಗಡಿಯಲ್ಲಿ ಕಾಗದ ಕೊಂಡು ನೇರ ಆಸ್ಪತ್ರೆಗೆ ನಡೆದೆವು.

ನಾಗು ಅಕ್ಕನಷ್ಟೇ ಸಣ್ಣ ಮೈಯವರು, ಬಾಯಿ ಮಾತ್ರ ಎರಡು ಸುತ್ತು ದೊಡ್ಡದು. "ಸಾವಿರ ಮೈಲಿ ಬಂದೆ ಕಣಮ್ಮ, ಕೊನೆಗೆ ಒಂದು ಮೋರಿ ಅಡ್ಡ ಬಂತು" ಎಂದರು. ಅವರ ಮನಸ್ಸು ಹಗುರ ಮಾಡಲೆಂದು ಮಕ್ಕಳು ತಮ್ಮ ಪದ್ಯ ಓದಿದವು. ಅನಂತನ ಪತಂಗದ ಪದ್ಯಕ್ಕೆ ನಾಗು ಕಾಲು ನೋಯುವಷ್ಟು ನಕ್ಕರು. ಆಮೇಲೆ ವೈದೇಹಿಯನ್ನು ಹತ್ತಿರ ಕರೆದು, "ನಾನೂ ಒಂದು ಪದ್ಯ ಹೇಳ್ತೀನಿ, ಬರ್ಕೋತೀಯಾ? ನಂದಲ್ಲ, ನಮ್ಮಕ್ಕನ ಹೆಸರಲ್ಲಿ. ನಿಮ್ಮಪ್ಪ ಬೇರೆಯೋರ ಹೆಸರಲ್ಲಿ ಹೇಳ್ಕೊಡಲ್ವಾ, ಹಾಗೆ" ಎಂದರು.

ಅವರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಒಂದೆರಡು ಕಡೆ ಒತ್ತಕ್ಷರ ತಪ್ಪಿತ್ತು, ನಾನು ತಿದ್ದಲಿಲ್ಲ. ಅಕ್ಕನಿಗೆ ಸಂಜೆಯ ತರಗತಿಯಲ್ಲಿ ಓದಿ ಹೇಳು ಎಂದಷ್ಟೇ ನಾಗು ಹೇಳಿ ಕಳಿಸಿದರು.

ಹನುಮಾನ್ ಘಾಟ್, ಶುಕ್ರವಾರ ಸಂಜೆ

ತರಗತಿ ಎಂದಿನಂತೆ ಹಜಾರದಲ್ಲಿ. ಶೇಷಮ್ಮ ಹಿಂದಿನ ಗೋಡೆಗೆ ಒರಗಿ ಬಟಾಣಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಒಂದು ತಂಬಿಗೆ ನೀರಿತ್ತು. ನಾಗಮ್ಮಜ್ಜಿಯ ಪದ್ಯ, ಶೇಷಮ್ಮಜ್ಜಿಯ ಹೆಸರಲ್ಲಿದೆ ಎಂದು ವೈದೇಹಿ ಮೊದಲೇ ಹೇಳಿದಳು. ಆಮೇಲೆ ಒಂದೊಂದೇ ಸಾಲು ಓದಿ ನಿಲ್ಲಿಸಿದಳು. ಅವಳ ಅಪ್ಪ ಓದುವುದೇ ಹಾಗೆ, ಇನ್ನೊಬ್ಬರು ತಿರುಗಿ ಹೇಳಲು ಜಾಗ ಬಿಟ್ಟು.

ಭರತಖಂಡದಲ್ಲಿ, ಕಾಶಿಯಲ್ಲಿ,
ಗಂಗೆಯ ಪಡುವಣ ದಡದಲ್ಲಿ,
ಬಟಾಣಿ ಅಗ್ಗವಾದ ಮಾಸದಲ್ಲಿ,
ತಂಗಿ ಬಿದ್ದ ವಾರದಲ್ಲಿ,
ಹಠದಲ್ಲಿ ಹುಟ್ಟಿ ಹಠದಲ್ಲಿ ಬೆಳೆದ ಶೇಷಮ್ಮ ಎಂಬ ನಾನು,
ಒಂದೇ ತಟ್ಟೆಯಲ್ಲಿ ಉಂಡ, ಒಂದೇ ಕಂಬಳಿಗೆ ಕಿತ್ತಾಡಿದ
ನಾಗು ಎಂಬ ತಂಗಿಯ ಮುಖ ನೋಡುವುದಕ್ಕಾಗಿ,
ಅಸಿ ಎಂಬ ಮೋರಿಯನ್ನು ದಾಟಿ
ಲಂಕೆಗೆ ಹೋಗುತ್ತೇನೆ.

ಮೂರನೆಯ ಸಾಲಿಗೆ ಶೇಷಮ್ಮನ ತುಟಿ ಅಲುಗುತ್ತಿತ್ತು. ಐದನೆಯ ಸಾಲಿಗೆ ದನಿ ಕೇಳಿಸಿತು. ಹನ್ನೊಂದು ವರ್ಷ ಪ್ರತಿದಿನ ಸಂಕಲ್ಪ ತಿರುಗಿ ಹೇಳಿದ ಬಾಯಿ ಅದು. ಬಲಗೈ ತಾನಾಗಿ ಬಟ್ಟಲಾಯಿತು, ಎಡಗೈ ತಂಬಿಗೆಯಿಂದ ಅದಕ್ಕೆ ನೀರು ಹಾಕಿತು. ಕೊನೆಯ ಸಾಲು ಮುಗಿದಾಗ ವೈದೇಹಿ, ಕಾಗದದಲ್ಲಿ ಇಲ್ಲದ್ದನ್ನು, ಅಪ್ಪ ದಿನಾ ಹೇಳುವಂತೆಯೇ ಹೇಳಿಬಿಟ್ಟಳು. "ನೀರು ಬಿಡಿ."

ಶೇಷಮ್ಮ ಬಿಟ್ಟರು. ನೀರು ಬಟಾಣಿ ಸಿಪ್ಪೆಯ ಮೇಲೆ ಬಿತ್ತು.

ನಾನು ಮುಂದಿನ ಪದ್ಯ ಓದಲು ಇನ್ನೊಬ್ಬರನ್ನು ಕರೆದೆ. ಯಾರೂ ಏಳಲಿಲ್ಲ. ಹದಿಮೂರು ಮಕ್ಕಳೂ ಶೇಷಮ್ಮನನ್ನೇ ನೋಡುತ್ತಿದ್ದವು. ವೈದೇಹಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅನಂತ ನನ್ನ ಕಿವಿಯಲ್ಲಿ, "ಮೇಡಂ, ಈಗ ಅಜ್ಜಿ ಹೋಗ್ಲೇಬೇಕು. ನೀರು ಬಿಟ್ಟಾಯ್ತು" ಎಂದ. ಒಬ್ಬ ಓಡಿ ಹೋಗಿ ಭಟ್ಟರನ್ನು ಕರೆತಂದ.

ಭಟ್ಟರು ಪದ್ಯವನ್ನು ಎರಡು ಸಲ ಓದಿದರು. ಇಷ್ಟು ಶ್ರದ್ಧೆಯಿಂದ ಪದ್ಯ ಓದಿದ ಗಂಡಸನ್ನು ನಾನು ನೋಡಿಲ್ಲ. "ದೇಶ ಇದೆ, ಕಾಲ ಇದೆ, ಹೆಸರಿದೆ, ಉದ್ದೇಶ ಇದೆ. ಬಿಟ್ಟ ನೀರು ಬಿಟ್ಟ ಹಾಗೆ. ಇನ್ನು ಹೋಗದೆ ಇದ್ರೇನೇ ದೋಷ ಅಜ್ಜಿ" ಎಂದರು. ಆಮೇಲೆ ಇನ್ನೊಮ್ಮೆ ಕಾಗದ ನೋಡಿ, "ನಿಮ್ಮ ತಂಗಿ ಚಾಲಾಕು. ಹೋಗ್ತೀನಿ ಅಂತ ಮಾತ್ರ ಇದೆ, ಬರ್ತೀನಿ ಅಂತ ಇಲ್ಲ. ವೈದೇಹಿ, ನೀನೂ ಜೊತೆಗೆ ಹೋಗು. ವಾಪಸ್ ಬರೋ ಸಂಕಲ್ಪ ಅಲ್ಲೇ ಬರ್ದು ಹೇಳ್ಸಿ, ನೀರು ಬಿಡಿಸಿ ಕರ್ಕೊಂಡು ಬಾ. ಅದಾದ ಮೇಲೆ ಕೂರ್ಬಾರದು, ನೇರ ಹೊರಟುಬಿಡಬೇಕು" ಎಂದು ಮಗಳಿಗೆ ವಿಧಿಸಿದರು.

ಶೇಷಮ್ಮ ಅಭ್ಯಾಸಬಲ, ತಪ್ಪಾಗಿಹೋಯಿತು ಎನ್ನುವಂತೆ ತಲೆ ತಗ್ಗಿಸಿ ಸಿಪ್ಪೆ ಬಾಚಿದರು. ಬಟಾಣಿ ಬಿಡಿಸುವವರಿಗೆ ಪಕ್ಕದಲ್ಲಿ ತಂಬಿಗೆ ನೀರು ಯಾಕೆ ಬೇಕಿತ್ತು ಎಂದು ನಾನು ಕೇಳಲಿಲ್ಲ.

ಅಸಿಯ ಆಚೆ

ಶನಿವಾರ ಬೆಳಿಗ್ಗೆ ನಾವು ಮೂವರು ಇ-ರಿಕ್ಷಾ ಹತ್ತಿದೆವು. ಶೇಷಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಅಸಿಯ ಮೇಲೆ ಬಂದಾಗ ನಾನು ಹೇಳಬೇಕಾಗಲಿಲ್ಲ, ವಾಸನೆಯೇ ಹೇಳಿತು. ಅವರ ಕೈ ಬಿಗಿಯಾಯಿತು, ಕಣ್ಣು ಮುಚ್ಚಿದರು. ಆಚೆ ದಡ ಸೇರಿ ಒಂದು ನಿಮಿಷವಾದ ಮೇಲೆ ಒಂದು ಕಣ್ಣು ತೆರೆದು, "ಇದೀನಾ?" ಎಂದು ಕೇಳಿದರು. ಇದ್ದೀರಿ ಎಂದೆ. ಇದರಲ್ಲೆಲ್ಲ ನಂಬಿಕೆ ಇಲ್ಲದವಳು ನಾನು, ಆದರೂ ದಾರಿಯುದ್ದಕ್ಕೂ ಆಕೆಯ ಉಸಿರಾಟ ಎಣಿಸುತ್ತಿದ್ದೆ.

"ಲಂಕಾ ಆ ಗಇಲ್, ಅಮ್ಮಾ" ಎಂದು ರಿಕ್ಷಾದವನು ನಿಲ್ಲಿಸಿದ. ಶೇಷಮ್ಮ ತಲೆ ಎತ್ತಿ ನೋಡಿದರು. ಕೋಚಿಂಗ್ ಸೆಂಟರುಗಳ ಫಲಕಗಳಲ್ಲಿ ಪಾಸಾದ ಮಕ್ಕಳ ಮುಖಗಳು ಸಾಲಾಗಿ, ಮೂರು ಮಹಡಿಯವರೆಗೆ. "ರಾವಣನಿಗೆ ಹತ್ತೇ ಇದ್ವು" ಎಂದರು.

ಆಸ್ಪತ್ರೆಯಲ್ಲಿ ನಾಗು ಅಕ್ಕನನ್ನು ನೋಡಿ ಏಳಲು ಹೋಗಿ ನೋವಿನಿಂದ ಬಿದ್ದುಕೊಂಡರು. ಶೇಷಮ್ಮ ಹತ್ತಿರ ಹೋಗಿ, ಪ್ಲಾಸ್ಟರನ್ನು ಮುಟ್ಟಿ, ಆಮೇಲೆ ಮುಖ ಮುಟ್ಟಿದರು. ಇಬ್ಬರೂ ಸದ್ದಿಲ್ಲದೆ ಅತ್ತರು. ಅದು ಮುಗಿದ ಮೇಲೆ ನಾಗು, "ನನ್ನ ಹಸಿರು ಸೀರೆ ನೀನೇ ಇಟ್ಕೊಂಡ್ಯಲ್ಲ, ಅದೇನಾಯ್ತು?" ಎಂದರು. ಅರವತ್ತು ವರ್ಷ ಹಳೆಯ ಸೀರೆ. ಅದರ ಜಗಳ ಅಲ್ಲಿಂದ ಶುರುವಾಗಿ, ಅಮ್ಮನ ಒಗ್ಗರಣೆಗೆ ಹೋಗಿ, ಯಾರು ಯಾರನ್ನು ಬಾವಿಕಟ್ಟೆಯಿಂದ ನೂಕಿದ್ದು ಎನ್ನುವಲ್ಲಿಗೆ ಬಂತು. ಶುದ್ಧ ಅರಕಲಗೂಡಿನ ಕನ್ನಡದ ಜಗಳ. ವೈದೇಹಿ ಬಾಯಿಬಿಟ್ಟು ಕೇಳುತ್ತಿದ್ದಳು. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಜಗಳವಾಡಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಷ್ಟು ದಿನದಲ್ಲಿ ನಾನೂ ಹೇಳಿಕೊಟ್ಟಿರಲಿಲ್ಲ.

ಶೇಷಮ್ಮ ಬರುವಾಗ ಐದು ನಿಮಿಷ ಎಂದಿದ್ದರು. ಮಧ್ಯಾಹ್ನವಾಯಿತು. ಸ್ಟೂಲಿನ ತುದಿಯಲ್ಲಿ ಕೂತಿದ್ದವರು ಈಗ ಮಂಚದ ಮೇಲೆ, ತಂಗಿಯ ಪಕ್ಕದಲ್ಲಿ, ಅದೇ ಹೊದಿಕೆಯೊಳಗೆ ಕಾಲು ಚಾಚಿದ್ದರು. ನರ್ಸ್ ಬಂದು ಗದರಿದರೆ ಇಬ್ಬರಿಗೂ ಹಿಂದಿ ಅರ್ಥವಾಗಲಿಲ್ಲ. ಹನ್ನೊಂದು ವರ್ಷ ಸಬ್ಜಿಯವನ ಹತ್ತಿರ ಚೌಕಾಸಿ ಮಾಡಿದ ಶೇಷಮ್ಮನಿಗೂ ಅರ್ಥವಾಗಲಿಲ್ಲ.

ವೈದೇಹಿಗೆ ಅಪ್ಪನ ಮಾತು ನೆನಪಾಯಿತು. ಹೊಸ ನೋಟ್‌ಬುಕ್ ತೆಗೆದು, ಪೆನ್ಸಿಲ್ ಹಿಡಿದು, ಮಂಚದ ಹತ್ತಿರ ಬಂದು ನಿಂತಳು. "ಅಜ್ಜಿ, ವಾಪಸ್ ಹೋಗೋ ಸಂಕಲ್ಪ ಬರೀಲಾ?"

ಶೇಷಮ್ಮ ತಂಗಿಯ ಕಡೆ ನೋಡಿದರು, ಆಮೇಲೆ ಹುಡುಗಿಯ ಕಡೆ.

"ಬರಿ ಮಗು" ಎಂದರು. "ನಿಧಾನವಾಗಿ ಬರಿ. ಉದ್ದ ಇರ್ಲಿ."